ಮೈಡಿ-88: ಸಹಜ ರೋಗರಕ್ಷಣೆಯ ಅಡಾಪ್ಟರ್ ಪ್ರೋಟೀನ್

ಮೈಡಿ-88 ಮನುಷ್ಯನ ಸಹಜ ರೋಗರಕ್ಷಣಾ ವ್ಯವಸ್ಥೆಗೆ ಸೇರಿದ, 296 ಅಮೈನೋ ಆಮ್ಲಗಳ, ಸುಮಾರು 33 ಕಿಲೋಡಾಲ್ಟನ್ ತೂಕದ ಒಂದು ಅಡಾಪ್ಟರ್ ಪ್ರೋಟೀನ್. ರೋಗಾಣುವಿನ ಸುಳಿವು ಹಿಡಿಯುವ ಗ್ರಾಹಕಗಳಿಗೂ, ಆ ಸುಳಿವನ್ನು ಉರಿಯೂತದ ಪ್ರತಿಕ್ರಿಯೆಯಾಗಿ ಮಾರ್ಪಡಿಸುವ ಕಿಣ್ವಗಳಿಗೂ ನಡುವೆ ಇದರ ಸ್ಥಾನ. ಅಡಾಪ್ಟರ್ ಎಂದರೆ ತಾನಾಗಿ ಯಾವ ರಾಸಾಯನಿಕ ಕ್ರಿಯೆಯನ್ನೂ ನಡೆಸದೆ, ಒಂದು ಭಾಗದಿಂದ ಒಂದು ಪ್ರೋಟೀನನ್ನೂ ಇನ್ನೊಂದು ಭಾಗದಿಂದ ಮತ್ತೊಂದನ್ನೂ ಹಿಡಿದು ಅವೆರಡನ್ನು ಹತ್ತಿರ ತರುವ ಅಣು. ಹುಟ್ಟಿನಿಂದಲೇ ಇರುವ, ಹಿಂದೆ ಕಂಡ ರೋಗಾಣುವೋ ಹೊಸದೋ ಎಂದು ನೋಡದೆ ನಿಮಿಷಗಳೊಳಗೆ ಎಚ್ಚರಗೊಳ್ಳುವ ರಕ್ಷಣೆಯನ್ನು ಸಹಜ ರೋಗರಕ್ಷಣೆ ಎನ್ನುತ್ತಾರೆ. ಲಸಿಕೆಯಿಂದಲೋ ಸೋಂಕಿನಿಂದಲೋ ಕಲಿತು ಬೆಳೆಯುವ ಅರ್ಜಿತ ರೋಗರಕ್ಷಣೆ ಇದಕ್ಕಿಂತ ಬೇರೆ. ಮನುಷ್ಯನಲ್ಲಿರುವ ಹತ್ತು ಟೋಲ್ ಮಾದರಿ ಗ್ರಾಹಕಗಳ ಪೈಕಿ ಮೂರನೆಯದೊಂದನ್ನು ಬಿಟ್ಟು ಸಂಕೇತ ರವಾನಿಸುವ ಉಳಿದವೆಲ್ಲ ಬಹುಮಟ್ಟಿಗೆ ಈ ಒಂದೇ ಪ್ರೋಟೀನನ್ನು ಅವಲಂಬಿಸಿವೆ. ಇಂಟರ್‌ಲ್ಯೂಕಿನ್-1 ಮತ್ತು ಇಂಟರ್‌ಲ್ಯೂಕಿನ್-18 ಎಂಬ ಸಂದೇಶವಾಹಕ ಪ್ರೋಟೀನುಗಳ ಗ್ರಾಹಕಗಳೂ ಅಷ್ಟೆ. ಇಷ್ಟೊಂದು ಬಾಗಿಲುಗಳ ಸಂಕೇತ ಒಂದೇ ಅಣುವಿನ ಮೂಲಕ ಹಾಯುವುದರಿಂದ, ಅದು ಇಲ್ಲದಿದ್ದರೂ ಅಪಾಯ, ಅಪ್ಪಣೆಯಿಲ್ಲದೆ ಕೆಲಸ ಮಾಡಿದರೂ ಅಪಾಯ.

ಈ ಪ್ರೋಟೀನು ಮೊದಲು ಪತ್ತೆಯಾದದ್ದು ರೋಗರಕ್ಷಣೆಯ ಅಧ್ಯಯನದಲ್ಲಿ ಅಲ್ಲ. ಇಲಿಯ ರಕ್ತಕ್ಯಾನ್ಸರಿನ ಎಂ1 ಎಂಬ ಕೋಶಸಂತತಿಗೆ ಇಂಟರ್‌ಲ್ಯೂಕಿನ್-6 ಕೊಟ್ಟಾಗ ಆ ಕೋಶಗಳು ವಿಭಜನೆ ನಿಲ್ಲಿಸಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳಾಗಿ ಬಲಿಯುತ್ತವೆ. ಆ ಬದಲಾವಣೆಯ ಮೊದಲ ಹಂತದಲ್ಲೇ ಚುರುಕಾಗುವ ವಂಶವಾಹಿಗಳನ್ನು ಹುಡುಕುತ್ತಿದ್ದ ಕೆನೆತ್ ಲಾರ್ಡ್, ಬಾರ್ಬರಾ ಹಾಫ್‌ಮನ್-ಲೀಬರ್‌ಮನ್ ಮತ್ತು ಡ್ಯಾನ್ ಲೀಬರ್‌ಮನ್ 1990ರಲ್ಲಿ ಇದರ ಅನುಕ್ರಮವನ್ನು ಪ್ರಕಟಿಸಿದರು. ಮಜ್ಜಾಮೂಲದ ಕೋಶಗಳ ಬಲಿಕೆಯಲ್ಲಿ ಮೊದಲು ಪ್ರತಿಕ್ರಿಯಿಸುವ ವಂಶವಾಹಿ ಎಂಬ ವಿವರಣೆಯೇ ಸಂಕ್ಷಿಪ್ತವಾಗಿ ಹೆಸರಾಗಿ ಉಳಿಯಿತು. ಅದರ ನಿಜವಾದ ಕೆಲಸವನ್ನು ಆ ಹೆಸರು ಸ್ವಲ್ಪವೂ ಹೇಳುವುದಿಲ್ಲ. 1994ರಲ್ಲಿ ಸ್ವೀಡನ್ನಿನ ಡಾನ್ ಹಲ್ಟ್‌ಮಾರ್ಕ್ ಈ ಪ್ರೋಟೀನಿನ ಅರ್ಧಭಾಗ ಹಣ್ಣುನೊಣದ ಟೋಲ್ ಗ್ರಾಹಕವನ್ನೂ ಮನುಷ್ಯನ ಇಂಟರ್‌ಲ್ಯೂಕಿನ್-1 ಗ್ರಾಹಕವನ್ನೂ ಹೋಲುತ್ತದೆ ಎಂದು ತೋರಿಸಿದರು. ಟೋಲ್ ಆಗ ನೊಣದ ಭ್ರೂಣದಲ್ಲಿ ಬೆನ್ನು ಮತ್ತು ಹೊಟ್ಟೆಯ ಬದಿಗಳನ್ನು ನಿಗದಿಮಾಡುವ ವಂಶವಾಹಿಯೆಂದೇ ಪ್ರಸಿದ್ಧವಾಗಿದ್ದರಿಂದ ಆ ಹೋಲಿಕೆಗೆ ತಕ್ಷಣ ಬೆಲೆ ಬರಲಿಲ್ಲ. 1996ರಲ್ಲಿ ಬ್ರೂನೋ ಲೆಮೇತ್ರ್ ಮತ್ತು ಜೂಲ್ ಹಾಫ್‌ಮನ್ ಅವರ ತಂಡ ಟೋಲ್ ಕೆಟ್ಟ ನೊಣಗಳು ಶಿಲೀಂಧ್ರದ ಸೋಂಕಿಗೆ ಬಲಿಯಾಗುತ್ತವೆ ಎಂದು ಸಾಬೀತುಪಡಿಸಿದ ಮೇಲೆ, ಮರುವರ್ಷ ರುಸ್ಲಾನ್ ಮೆಡ್ಜಿಟೋವ್ ಮತ್ತು ಚಾರ್ಲ್ಸ್ ಜೇನ್‌ವೇ ಮನುಷ್ಯನಲ್ಲೂ ಅಂಥದೇ ಗ್ರಾಹಕವನ್ನು ಗುರುತಿಸಿದ ಮೇಲೆ, ಚಿತ್ರ ಬೇಗಬೇಗನೆ ತುಂಬಿಕೊಂಡಿತು. ಅದೇ 1997ರಲ್ಲಿ ಎರಡು ತಂಡಗಳು, ಒಂದು ಜಾವೊಡಾನ್ ಕಾವೊ ಅವರದು, ಇನ್ನೊಂದು ವಿಶ್ವ ದೀಕ್ಷಿತ್ ಅವರದು, ಮೈಡಿ-88 ಇಂಟರ್‌ಲ್ಯೂಕಿನ್-1 ಗ್ರಾಹಕದ ಬಳಿಗೆ ಐರಾಕ್ ಎಂಬ ಕಿಣ್ವಗಳನ್ನು ಕರೆತರುವ ಕೊಂಡಿ ಎಂದು ತೋರಿಸಿದವು. 1998ರಲ್ಲಿ ಮೆಡ್ಜಿಟೋವ್ ಅವರ ತಂಡ ಟೋಲ್ ಗ್ರಾಹಕಕ್ಕೂ ಅದೇ ಮಾತನ್ನು ವಿಸ್ತರಿಸಿತು.

ಮನುಷ್ಯನಲ್ಲಿ ಇದರ ವಂಶವಾಹಿ ಮೂರನೆಯ ವರ್ಣತಂತುವಿನ ಗಿಡ್ಡ ತೋಳಿನ ಮೇಲಿದ್ದು, ಪ್ರೋಟೀನಾಗಿ ಅನುವಾದಗೊಳ್ಳುವ ಐದು ತುಂಡುಗಳಲ್ಲಿ ಹಂಚಿಹೋಗಿದೆ. ಪ್ರೋಟೀನಿನ ರಚನೆಯಲ್ಲಿ ಮೂರು ಭಾಗಗಳನ್ನು ಗುರುತಿಸಬಹುದು. ಆರಂಭದ ಭಾಗಕ್ಕೆ ಡೆತ್ ಡೊಮೈನ್ ಎಂಬ ಹೆಸರಿದೆ; ಕೋಶದ ಯೋಜಿತ ಸಾವಿಗೆ ಸಂಬಂಧಿಸಿದ ಪ್ರೋಟೀನುಗಳಲ್ಲಿ ಈ ಆರು ಸುರುಳಿಗಳ ಕಟ್ಟು ಮೊದಲು ಕಂಡದ್ದರಿಂದ ಆ ಹೆಸರು ಬಂತೇ ಹೊರತು ಮೈಡಿ-88ರಲ್ಲಿ ಅದರ ಕೆಲಸ ತನ್ನಂಥದೇ ಕಟ್ಟುಗಳಿಗೆ ಅಂಟಿಕೊಳ್ಳುವುದು ಮಾತ್ರ. ಕೊನೆಯ ಭಾಗ ಟಿಐಆರ್ ವಲಯ. ಟೋಲ್ ಗ್ರಾಹಕಗಳ ಮತ್ತು ಇಂಟರ್‌ಲ್ಯೂಕಿನ್-1 ಗ್ರಾಹಕದ ಬಾಲ ಕೋಶದೊಳಗೆ ಚಾಚಿಕೊಂಡಿರುವಲ್ಲಿಯೂ ಇದೇ ವಲಯವಿದ್ದು, ಗ್ರಾಹಕದ ಟಿಐಆರ್ ಅಡಾಪ್ಟರಿನ ಟಿಐಆರ್ ಅನ್ನು ಹಿಡಿಯುತ್ತದೆ. ಇವೆರಡರ ನಡುವೆ ಸುಮಾರು ನಲವತ್ತೈದು ಅಮೈನೋ ಆಮ್ಲಗಳ ಒಂದು ಮಧ್ಯಂತರ ಭಾಗವಿದೆ. ಮೇಲುನೋಟಕ್ಕೆ ಬರಿಯ ನಂಟಿನಂತೆ ಕಾಣುವ ಈ ಭಾಗ ಅಷ್ಟು ನಿಷ್ಪ್ರಯೋಜಕವಲ್ಲ ಎಂಬುದು ಮೈಡಿ-88ರದೇ ಒಂದು ಗಿಡ್ಡ ರೂಪದಿಂದ ಗೊತ್ತಾಯಿತು. ವಂಶವಾಹಿಯ ಎರಡನೆಯ ತುಂಡನ್ನು ಬಿಟ್ಟು ಆರ್‌ಎನ್‌ಎ ಹೊಲಿಗೆಯಾದಾಗ ಮಧ್ಯಂತರ ಭಾಗವಿಲ್ಲದ ಪ್ರೋಟೀನು ಹುಟ್ಟುತ್ತದೆ. ಅದು ಗ್ರಾಹಕವನ್ನು ಹಿಡಿಯಬಲ್ಲುದಾದರೂ ಐರಾಕ್-4 ಎಂಬ ಕಿಣ್ವವನ್ನು ಬರಮಾಡಿಕೊಳ್ಳಲಾರದು, ಆದ್ದರಿಂದ ಜಾಗವನ್ನು ಆಕ್ರಮಿಸಿ ಸಂಕೇತವನ್ನು ತಡೆಯುತ್ತದೆ. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಸಂಶೋಧಕರು 2002 ಮತ್ತು 2003ರಲ್ಲಿ ವಿವರಿಸಿದ ಈ ರೂಪ, ಬ್ಯಾಕ್ಟೀರಿಯಾದ ಪ್ರಚೋದನೆ ಮುಂದುವರಿದಂತೆ ಕೋಶದಲ್ಲಿ ಹೆಚ್ಚುವುದರಿಂದ, ಉರಿಯೂತಕ್ಕೆ ಕೋಶವೇ ಹಾಕಿಕೊಳ್ಳುವ ಕಡಿವಾಣವೆಂದು ಇದನ್ನು ಪರಿಗಣಿಸಲಾಗಿದೆ.

ಸಂಕೇತದ ಹಾದಿಯನ್ನು ನಾಲ್ಕನೆಯ ಟೋಲ್ ಗ್ರಾಹಕದ ಉದಾಹರಣೆಯಿಂದ ತಿಳಿಯುವುದು ಸುಲಭ. ಇ. ಕೊಲೈ, ಟೈಫಾಯಿಡ್ ಬ್ಯಾಕ್ಟೀರಿಯಾ ಮೊದಲಾದ ಗ್ರಾಮ್-ಋಣ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ಕೊಬ್ಬು-ಸಕ್ಕರೆಗಳ ಸಂಯುಕ್ತವಿದೆ. ಎಂಡೊಟಾಕ್ಸಿನ್ ಎಂಬ ಹಳೆಯ ಹೆಸರು ಅದರದೇ. ಈ ಸಂಯುಕ್ತ ಕೋಶದ ಹೊರಗೆ ಗ್ರಾಹಕವನ್ನು ತಟ್ಟಿ ಎರಡು ಗ್ರಾಹಕಗಳನ್ನು ಜೋಡಿಯಾಗಿಸಿದಾಗ ಅವುಗಳ ಒಳಬಾಲಗಳು ಒತ್ತೊತ್ತಾಗಿ ಬರುತ್ತವೆ. ಅಲ್ಲಿಗೆ ಮೊದಲು ಮಾಲ್ ಎಂಬ ಇನ್ನೊಂದು ಅಡಾಪ್ಟರ್, ಅದರ ಮೂಲಕ ಮೈಡಿ-88 ಬಂದು ಸೇರುತ್ತವೆ. ಮೈಡಿ-88ಕ್ಕೆ ಐರಾಕ್-4, ಅದಕ್ಕೆ ಐರಾಕ್-1 ಅಥವಾ ಐರಾಕ್-2 ಕೂಡಿಕೊಂಡು, ಈ ಕಿಣ್ವಗಳು ಪರಸ್ಪರ ಫಾಸ್ಫೇಟ್ ಅಂಟಿಸಿಕೊಂಡು ಚುರುಕಾಗುತ್ತವೆ. ಅಲ್ಲಿಂದ ಮುಂದೆ ಟ್ರಾಫ್-6 ಎಂಬ ಪ್ರೋಟೀನು ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನುಗಳ ಸರಪಳಿಯನ್ನು ಕಟ್ಟುತ್ತದೆ, ಆ ಸರಪಳಿಯ ಮೇಲೆ ಟ್ಯಾಕ್-1 ಕಿಣ್ವ ಎಚ್ಚರಗೊಳ್ಳುತ್ತದೆ, ಕೊನೆಗೆ ಎನ್‌ಎಫ್-ಕಪ್ಪಾ-ಬಿ ಎಂಬ ವಂಶವಾಹಿ ನಿಯಂತ್ರಕವನ್ನು ಕಟ್ಟಿಹಾಕಿದ್ದ ಪ್ರೋಟೀನು ನಾಶವಾಗಿ, ಬಿಡುಗಡೆಗೊಂಡ ನಿಯಂತ್ರಕ ಕೋಶಕೇಂದ್ರಕ್ಕೆ ಹೋಗಿ ಜ್ವರಕ್ಕೂ ಊತಕ್ಕೂ ಕಾರಣವಾಗುವ ಸೈಟೊಕೈನುಗಳೆಂಬ ಸಂದೇಶವಾಹಕ ಪ್ರೋಟೀನುಗಳ ಉತ್ಪಾದನೆಯನ್ನು ಆರಂಭಿಸುತ್ತದೆ. ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಎಂಬ ರೋಗರಕ್ಷಣಾ ಕೋಶಗಳಲ್ಲಿ ಏಳು ಮತ್ತು ಒಂಬತ್ತನೆಯ ಟೋಲ್ ಗ್ರಾಹಕಗಳ ಕೆಳಗೆ ಇದೇ ಮೈಡಿ-88 ಐಆರ್‌ಎಫ್-7 ಎಂಬ ಬೇರೊಂದು ನಿಯಂತ್ರಕವನ್ನು ಎಬ್ಬಿಸಿ, ವೈರಸ್ ವಿರೋಧಿಯಾದ ಇಂಟರ್‌ಫೆರಾನ್ ಹೇರಳವಾಗಿ ಹೊರಬರುವಂತೆ ಮಾಡುತ್ತದೆ.

ಅಡಾಪ್ಟರ್ ಕೇವಲ ಎರಡು ಪ್ರೋಟೀನುಗಳ ನಡುವಿನ ಸೇತುವೆಯೆಂಬ ಸರಳ ಕಲ್ಪನೆ 2010ರಲ್ಲಿ ಹಾವೊ ವೂ ಅವರ ಪ್ರಯೋಗಾಲಯ ಪ್ರಕಟಿಸಿದ ಸ್ಫಟಿಕ ರಚನೆಯೊಂದಿಗೆ ಬದಲಾಯಿತು. ಮೈಡಿ-88, ಐರಾಕ್-4 ಮತ್ತು ಐರಾಕ್-2 ಈ ಮೂರರ ಡೆತ್ ಡೊಮೈನುಗಳನ್ನು ಬೆರೆಸಿ ಬೆಳೆಸಿದ ಹರಳಿಗೆ ಎಕ್ಸ್-ಕಿರಣ ಹಾಯಿಸಿ, 3.4 ಆಂಗ್‌ಸ್ಟ್ರಾಂ ಸೂಕ್ಷ್ಮತೆಯಲ್ಲಿ ನೋಡಿದಾಗ ಕಂಡದ್ದು ಎಡಕ್ಕೆ ತಿರುಗುವ ಸುರುಳಿ ಮೆಟ್ಟಿಲಿನಂಥ ಒಂದು ಗೋಪುರ: ತಳದಲ್ಲಿ ಆರು ಮೈಡಿ-88, ಅವುಗಳ ಮೇಲೆ ನಾಲ್ಕು ಐರಾಕ್-4, ತುದಿಯಲ್ಲಿ ನಾಲ್ಕು ಐರಾಕ್-2. ಮಿಡ್ಡೋಸೋಮ್ ಎಂದು ಕರೆಯಲಾಗುವ ಈ ಜೋಡಣೆಯಲ್ಲಿ ಪ್ರತಿಯೊಂದು ಅಣುವೂ ತನ್ನ ಕೆಳಗಿನ ಮತ್ತು ಪಕ್ಕದ ಹಲವು ಅಣುಗಳನ್ನು ಒಟ್ಟಿಗೆ ಮುಟ್ಟುವುದರಿಂದ, ತಳ ಒಂದಷ್ಟು ಕಟ್ಟಿಕೊಳ್ಳುವವರೆಗೆ ಮೇಲಿನ ಅಂತಸ್ತು ನಿಲ್ಲಲಾರದು. ಒಮ್ಮೆ ನಿಂತರೆ ಕಿಣ್ವಗಳು ಒಂದಕ್ಕೊಂದು ಫಾಸ್ಫೇಟ್ ಹಚ್ಚುವಷ್ಟು ನಿಕಟವಾಗುತ್ತವೆ. ಇದಕ್ಕೆ ಒಂದು ವರ್ಷ ಮೊದಲೇ ಬ್ರಿಟನ್ನಿನ ಸಂಶೋಧಕರು ದ್ರಾವಣದಲ್ಲಿ ಏಳು ಅಥವಾ ಎಂಟು ಮೈಡಿ-88ಕ್ಕೆ ನಾಲ್ಕು ಐರಾಕ್-4 ಎಂಬ ಲೆಕ್ಕ ಕೊಟ್ಟಿದ್ದರು; ಎರಡು ಲೆಕ್ಕಗಳ ವ್ಯತ್ಯಾಸಕ್ಕಿಂತ ಎರಡರಲ್ಲೂ ಅಣುಗಳು ಜೋಡಿಯಾಗಿ ನಿಲ್ಲದೆ ಗುಂಪಾಗಿ ಕಟ್ಟಿಕೊಳ್ಳುತ್ತವೆ ಎಂಬ ಸಾಮ್ಯವೇ ಮುಖ್ಯ. ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸೋಂಕು ಜೀವಶಾಸ್ತ್ರ ಸಂಸ್ಥೆಯ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಳೆಯುವ ಗುರುತು ಹಚ್ಚಿದ ಮೈಡಿ-88 ಅಣುಗಳನ್ನು ಜೀವಂತ ಕೋಶಗಳಲ್ಲಿ ಒಂದೊಂದಾಗಿ ಹಿಂಬಾಲಿಸಿದಾಗ, ಸಣ್ಣ ಗುಂಪುಗಳು ಬೇಗ ಚದುರುವುದೂ ಸುಮಾರು ನಾಲ್ಕು ಅಣುಗಳ ಗಡಿ ದಾಟಿದ ಗುಂಪುಗಳು ಉಳಿದು ಐರಾಕ್-4 ಅನ್ನು ಸೆಳೆಯುವುದೂ ಕಂಡುಬಂತು. ಗ್ರಾಹಕವೊಂದು ಆಕಸ್ಮಿಕವಾಗಿ ಮಿಡಿದ ಮಾತ್ರಕ್ಕೆ ದೇಹಕ್ಕೆ ಜ್ವರ ಬರದಿರುವುದಕ್ಕೆ ಈ ಗಡಿ ಒಂದು ಒಳ್ಳೆಯ ವಿವರಣೆ.

ಹರಳು ಬೆಳೆಸುವಂಥ ಅಧ್ಯಯನಗಳಿಗೆ ಬೇಕಾಗುವಷ್ಟು ಪ್ರೋಟೀನನ್ನು ಮನುಷ್ಯನ ಕೋಶಗಳಿಂದ ಹಿಂಡಿ ತೆಗೆಯುವುದು ಕಾರ್ಯಸಾಧ್ಯವಲ್ಲ. ಅಲ್ಲಿಯೇ ಪುನಸ್ಸಂಯೋಜಿತ ಮೈಡಿ-88ರ ಅಗತ್ಯ ಹುಟ್ಟುತ್ತದೆ. ಒಂದು ಜೀವಿಯ ವಂಶವಾಹಿಯನ್ನು ಕತ್ತರಿಸಿ ಇನ್ನೊಂದು ಡಿಎನ್‌ಎಗೆ ಬೆಸೆದು, ಬೇರೊಂದು ಜೀವಿಯಲ್ಲಿ ತಯಾರಿಸಿಕೊಂಡ ಪ್ರೋಟೀನನ್ನು ಪುನಸ್ಸಂಯೋಜಿತ ಎನ್ನುತ್ತಾರೆ. ಮನುಷ್ಯನ ಆರ್‌ಎನ್‌ಎಯಿಂದ ಪಡೆದ ಮೈಡಿ-88ರ ಪ್ರತಿ-ಡಿಎನ್‌ಎಯನ್ನು ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎಯಲ್ಲಿ ಸೇರಿಸಿ, ಅದರ ಒಂದು ತುದಿಗೆ ಆರು ಹಿಸ್ಟಿಡಿನ್‌ಗಳ ಬಾಲವನ್ನು ಜೋಡಿಸಿ, ಇ. ಕೊಲೈ ಬ್ಯಾಕ್ಟೀರಿಯಾದೊಳಗೆ ಬಿಡುವುದು ಸಾಮಾನ್ಯ ಕ್ರಮ. ಪೋಷಕ ದ್ರವದಲ್ಲಿ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆದಾಗ ಐಪಿಟಿಜಿ ಎಂಬ ರಾಸಾಯನಿಕ ಹಾಕಿದರೆ ಉತ್ಪಾದನೆ ಆರಂಭವಾಗುತ್ತದೆ. ಉಷ್ಣತೆಯನ್ನು 37 ಡಿಗ್ರಿಯಿಂದ 16 ಅಥವಾ 18 ಡಿಗ್ರಿಗೆ ಇಳಿಸಿ ರಾತ್ರಿಯಿಡೀ ಅಲುಗಾಡಿಸುತ್ತ ಬಿಡುವುದು ವಾಡಿಕೆ, ಏಕೆಂದರೆ ಅವಸರದಲ್ಲಿ ತಯಾರಾದ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಮುದ್ದೆಗಟ್ಟುತ್ತದೆ. ಬೆಳಿಗ್ಗೆ ಬ್ಯಾಕ್ಟೀರಿಯಾವನ್ನು ಗರಗರ ತಿರುಗಿಸಿ ತಳಕ್ಕೆ ಇಳಿಸಿ, ಶಬ್ದತರಂಗದಿಂದ ಒಡೆದು, ತಿಳಿಯನ್ನು ನಿಕ್ಕಲ್ ಹಿಡಿದಿರುವ ಮಣಿಗಳ ಕೊಳವೆಯ ಮೂಲಕ ಹರಿಸಿದರೆ ಹಿಸ್ಟಿಡಿನ್ ಬಾಲವಿರುವ ಪ್ರೋಟೀನು ಮಾತ್ರ ಮಣಿಗೆ ಅಂಟಿ ಉಳಿದದ್ದೆಲ್ಲ ತೊಳೆದುಹೋಗುತ್ತದೆ. ಆಮೇಲೆ ಇಮಿಡಜೋಲ್ ಬೆರೆಸಿದ ದ್ರಾವಣ ಹಾಯಿಸಿದಾಗ ಅದು ಮಣಿಯನ್ನು ಬಿಟ್ಟು ಇಳಿದುಬರುತ್ತದೆ. ಜೆಲ್ ಮೇಲೆ ಓಡಿಸಿ ನೀಲಿ ಬಣ್ಣ ಹಾಕಿದರೆ, ಬಾಲದ ತೂಕವೂ ಸೇರಿ, 35 ಕಿಲೋಡಾಲ್ಟನ್ನಿನ ಆಸುಪಾಸಿನಲ್ಲಿ ಪಟ್ಟಿಯೊಂದು ಕಾಣಬೇಕು.

ಹೇಳುವಷ್ಟು ಸರಾಗವಾಗಿ ಈ ಕೆಲಸ ಸಾಗುವುದಿಲ್ಲ. ಗುಂಪುಕಟ್ಟುವುದೇ ಸ್ವಭಾವವಾದ ಪ್ರೋಟೀನಿನ ಸಾಂದ್ರತೆಯನ್ನು ಸೀಸೆಯಲ್ಲಿ ಹೆಚ್ಚಿಸಿದಾಗ ಅದು ಗ್ರಾಹಕದ ಅಪ್ಪಣೆಗೆ ಕಾಯದೆ ತನಗೆ ತಾನೇ ಅಂಟಿಕೊಂಡು ತಳಕ್ಕೆ ಕೂರುತ್ತದೆ. ಈ ಕಾರಣಕ್ಕೇ ಪ್ರಸಿದ್ಧ ರಚನೆಗಳಲ್ಲಿ ಬಹುಪಾಲು ಇಡಿಯ ಪ್ರೋಟೀನಿನವಲ್ಲ, ಬಿಡಿ ಭಾಗಗಳವು: ಡೆತ್ ಡೊಮೈನ್ ಮಿಡ್ಡೋಸೋಮಿನ ಹರಳಿನಲ್ಲಿ, ಟಿಐಆರ್ ವಲಯ 2009ರಲ್ಲಿ ಪ್ರಕಟವಾದ ಕಾಂತೀಯ ಅನುರಣನದ ಅಧ್ಯಯನದಲ್ಲಿ. ಸಂಶೋಧಕರಿಗೆ ತೊಡಕಾಗಿದ್ದ ಈ ಅಂಟುಗುಣವೇ ಮುಂದೆ ಸಾಕ್ಷ್ಯವೂ ಆಯಿತು. ಮಾಲ್ ಅಡಾಪ್ಟರಿನ ಟಿಐಆರ್ ವಲಯ ಪ್ರಯೋಗನಾಳಿಕೆಯಲ್ಲಿ ಎಳೆಗಳಾಗಿ ಬೆಳೆಯುತ್ತದೆಂದೂ, ಅದು ಮೈಡಿ-88ರ ಟಿಐಆರ್ ವಲಯವನ್ನೂ ಜೋಡಣೆಗೆ ಪ್ರಚೋದಿಸುತ್ತದೆಂದೂ 2017ರಲ್ಲಿ ತಿಳಿಯಿತು; 2021ರಲ್ಲಿ, ಸಾಮಾನ್ಯ ಎಕ್ಸ್-ಕಿರಣಕ್ಕೆ ಸಾಲದಷ್ಟು ಸಣ್ಣದಾದ ಮೈಡಿ-88ರ ಟಿಐಆರ್ ಹರಳುಗಳಿಗೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಆ ಜೋಡಣೆಯ ವಿನ್ಯಾಸವನ್ನು ಬಿಡಿಸಲಾಯಿತು.

ಬ್ಯಾಕ್ಟೀರಿಯಾದಲ್ಲಿ ತಯಾರಾದ ಮೈಡಿ-88ರೊಂದಿಗೆ ಇನ್ನೊಂದು, ಮೇಲಿನದಕ್ಕಿಂತ ಮೋಸಗೊಳಿಸುವ ತೊಂದರೆಯಿದೆ. ಇ. ಕೊಲೈಯನ್ನು ಒಡೆದಾಗ ಅದರ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ ಪ್ರೋಟೀನಿನ ಜೊತೆಗೇ ಉಳಿದುಬಿಡುತ್ತದೆ, ಮತ್ತು ಮೈಡಿ-88ರ ಹಾದಿಯನ್ನು ಎಬ್ಬಿಸುವ ಅತಿ ಪ್ರಬಲ ವಸ್ತು ಅದೇ. ಮನುಷ್ಯನ ರಕ್ತದ ಮಾನೊಸೈಟ್ ಕೋಶಗಳು ಮಿಲಿಲೀಟರಿಗೆ ಪಿಕೊಗ್ರಾಂ ಪ್ರಮಾಣದ ಎಂಡೊಟಾಕ್ಸಿನ್‌ಗೂ ಸ್ಪಂದಿಸುತ್ತವೆಯಾದ್ದರಿಂದ, ಜೆಲ್ ಮೇಲೆ ಶುದ್ಧವಾಗಿ ಕಾಣುವ ಪ್ರೋಟೀನು ಕೋಶಗಳ ಮಟ್ಟಿಗೆ ಶುದ್ಧವಲ್ಲ. ಮನುಷ್ಯನ ಶಾಖಾಘಾತ ಪ್ರೋಟೀನುಗಳು ಟೋಲ್ ಗ್ರಾಹಕವನ್ನು ತಾವೇ ತಟ್ಟುತ್ತವೆ ಎಂದು ಒಂದು ಕಾಲದಲ್ಲಿ ಬಂದ ವರದಿಗಳಲ್ಲಿ ಹಲವು, ಪುನಸ್ಸಂಯೋಜಿತ ಮಾದರಿಯಲ್ಲಿ ಉಳಿದಿದ್ದ ಈ ಕಶ್ಮಲದ ಫಲವೆಂದು ಆಮೇಲೆ ಬಯಲಾಯಿತು. ಎಂಡೊಟಾಕ್ಸಿನ್ ತೆಗೆಯುವ ಒಂದು ಹಳೆಯ, ಈಗಲೂ ಬಳಕೆಯಲ್ಲಿರುವ ವಿಧಾನದಲ್ಲಿ ಪ್ರೋಟೀನಿನ ದ್ರಾವಣಕ್ಕೆ ಮಂಜುಗಡ್ಡೆಯ ಮೇಲೆ ಟ್ರೈಟಾನ್ ಎಕ್ಸ್-114 ಎಂಬ ಮಾರ್ಜಕವನ್ನು ಬೆರೆಸುತ್ತಾರೆ. ತಣ್ಣಗಿರುವಾಗ ತಿಳಿಯಾಗಿರುವ ಈ ದ್ರಾವಣವನ್ನು 37 ಡಿಗ್ರಿಗೆ ಬಿಸಿಮಾಡಿದರೆ ಹಾಲಿನಂತೆ ಬಿಳಿಚಿ ಎರಡು ಪದರಗಳಾಗಿ ಒಡೆಯುತ್ತದೆ, ಕೊಬ್ಬಿನ ಅಂಶವಿರುವ ಎಂಡೊಟಾಕ್ಸಿನ್ ತಳದ ಮಾರ್ಜಕದ ಪದರಕ್ಕೆ ಇಳಿಯುತ್ತದೆ, ಪ್ರೋಟೀನು ಮೇಲಿನ ನೀರಿನಲ್ಲಿ ಉಳಿಯುತ್ತದೆ. ಇದನ್ನು ಕೆಲವು ಸಲ ಪುನರಾವರ್ತಿಸಿ, ಉಳಿದ ಪ್ರಮಾಣವನ್ನು ಕುದುರೆಲಾಳ ಏಡಿಯ ರಕ್ತಕೋಶಗಳ ಸಾರದಿಂದ ಪರೀಕ್ಷಿಸುತ್ತಾರೆ. ಎಂಡೊಟಾಕ್ಸಿನ್ ಸೋಕಿದರೆ ಆ ಸಾರ ಹೆಪ್ಪುಗಟ್ಟುತ್ತದೆ.

ಮೈಡಿ-88 ಕೋಶದ ಒಳಗಿನ ಪ್ರೋಟೀನು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಸೈಟೊಕೈನನ್ನು ಕೋಶಗಳ ಮೇಲೆ ಸುರಿದು ಪರಿಣಾಮ ನೋಡುವ ಹಾಗೆ ಇದನ್ನು ಹೊರಗಿನಿಂದ ಸುರಿದು ಉಪಯೋಗವಿಲ್ಲ; ಹಾಗೆ ಸುರಿದಾಗ ಪ್ರತಿಕ್ರಿಯೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಎಂಡೊಟಾಕ್ಸಿನ್ನನ್ನೇ. ಶುದ್ಧೀಕರಿಸಿದ ಪ್ರೋಟೀನು ಬಳಕೆಯಾಗುವುದು ಬೇರೆ ಪ್ರೋಟೀನುಗಳೊಂದಿಗೆ ಅದರ ಹಿಡಿತವನ್ನು ಅಳೆಯಲು, ಪ್ರತಿಕಾಯಗಳನ್ನು ಬೆಳೆಸಿ ಪರೀಕ್ಷಿಸಲು, ಅದಕ್ಕೆ ಅಂಟುವ ಸಣ್ಣ ಅಣುಗಳನ್ನು ಹುಡುಕಲು. ಕೋಶದೊಳಗಿನ ವರ್ತನೆ ಬೇಕಿದ್ದಲ್ಲಿ ಪ್ಲಾಸ್ಮಿಡ್ಡನ್ನೇ ಮನುಷ್ಯನ ಮೂತ್ರಪಿಂಡ ಮೂಲದ 293 ಎಂಬ ಕೋಶಸಂತತಿಗೆ ಸೇರಿಸುತ್ತಾರೆ. ಅಲ್ಲಿ ಮೈಡಿ-88 ಮಿತಿಮೀರಿ ತಯಾರಾದರೆ ಯಾವ ರೋಗಾಣುವಿನ ಸುಳಿವೂ ಇಲ್ಲದೆ ಎನ್‌ಎಫ್-ಕಪ್ಪಾ-ಬಿ ಚುರುಕಾಗುತ್ತದೆ, ಟಿಐಆರ್ ವಲಯವನ್ನಷ್ಟೇ ತಯಾರಿಸಿದರೆ ಸಂಕೇತ ಕುಗ್ಗುತ್ತದೆ.

ಈ ಪ್ರೋಟೀನು ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇಲಿ ಒಂದು ಉತ್ತರ ಕೊಟ್ಟಿದೆ, ಮನುಷ್ಯ ಇನ್ನೊಂದು. ಒಸಾಕಾ ವಿಶ್ವವಿದ್ಯಾಲಯದ ಶಿಜುವೊ ಅಕಿರಾ ಅವರ ತಂಡ 1998ರಲ್ಲಿ ಮೈಡಿ-88 ತೆಗೆದುಹಾಕಿದ ಇಲಿಗಳನ್ನು ಸೃಷ್ಟಿಸಿ, ಅವು ಇಂಟರ್‌ಲ್ಯೂಕಿನ್-1 ಮತ್ತು 18ಕ್ಕೆ ಸ್ಪಂದಿಸುವುದಿಲ್ಲವೆಂದೂ, ಮರುವರ್ಷ, ಸಾಮಾನ್ಯ ಇಲಿಯನ್ನು ಕೊಲ್ಲುವ ಪ್ರಮಾಣದ ಎಂಡೊಟಾಕ್ಸಿನ್ ಕೊಟ್ಟರೂ ಬದುಕುತ್ತವೆಂದೂ ತೋರಿಸಿತು. ಆ ಇಲಿಗಳ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ತಡವಾಗಿಯಾದರೂ ಎಚ್ಚರಗೊಳ್ಳುತ್ತಿದ್ದುದು ಎರಡನೆಯ ಹಾದಿಯೊಂದಿದೆ ಎಂಬುದರ ಸೂಚನೆಯಾಯಿತು. 2003ರಲ್ಲಿ ಆ ಹಾದಿಯ ಅಡಾಪ್ಟರ್ ಟ್ರಿಫ್ ಎಂಬುದು ಖಚಿತವಾಯಿತು, ಮೂರನೆಯ ಟೋಲ್ ಗ್ರಾಹಕ ಬಳಸುವುದೂ ಅದನ್ನೇ. ಪ್ರಯೋಗಾಲಯದ ಸೋಂಕುಗಳಲ್ಲಿ ಮೈಡಿ-88 ಇಲ್ಲದ ಇಲಿಗಳು ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ, ಪರೋಪಜೀವಿ ಎನ್ನದೆ ಬಹಳಷ್ಟಕ್ಕೆ ಸುಲಭವಾಗಿ ತುತ್ತಾದ್ದರಿಂದ, ಮನುಷ್ಯರಲ್ಲಿ ಇಂಥ ಕೊರತೆ ಇದ್ದರೆ ಬದುಕುವುದೇ ಕಷ್ಟವೆಂಬ ಊಹೆ ಬಲವಾಗಿತ್ತು.

2008ರಲ್ಲಿ ಹೋರ್ಸ್ಟ್ ಫಾನ್ ಬರ್ನುತ್ ಮತ್ತು ಜೀನ್-ಲೋರಾಂ ಕಸನೋವಾ ಅವರ ತಂಡ ಮೈಡಿ-88 ಕೊರತೆಯ ಒಂಬತ್ತು ಮಕ್ಕಳನ್ನು ವಿವರಿಸಿದಾಗ ಆ ಊಹೆ ಸಡಿಲಾಯಿತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣುವ ಈ ಕೊರತೆಯಲ್ಲಿ ಮಕ್ಕಳನ್ನು ಕಾಡಿದ್ದು ನ್ಯೂಮೋಕಾಕಸ್, ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಸ್ಯೂಡೊಮೋನಾಸ್ ಮುಖ್ಯವಾಗಿರುವ ಕೀವುಕಾರಕ ಬ್ಯಾಕ್ಟೀರಿಯಾಗಳ ಚಿಕ್ಕ ಗುಂಪು. ಸಾಮಾನ್ಯ ವೈರಸ್‌ಗಳನ್ನೂ ಶಿಲೀಂಧ್ರಗಳನ್ನೂ ಕ್ಷಯವನ್ನೂ ಅವರು ಉಳಿದವರಂತೆಯೇ ಎದುರಿಸಿದ್ದರು. ಐದು ವರ್ಷ ಮೊದಲು ವರದಿಯಾಗಿದ್ದ ಐರಾಕ್-4 ಕೊರತೆಯ ಚಿತ್ರವೂ ಇದೇ. ವೈದ್ಯರನ್ನು ದಾರಿತಪ್ಪಿಸುವ ಸಂಗತಿಯೆಂದರೆ, ಮಿದುಳುಪೊರೆಯ ಉರಿಯೂತದಂಥ ಗಂಭೀರ ಸೋಂಕಿನ ಆರಂಭದಲ್ಲೂ ಈ ಮಕ್ಕಳಲ್ಲಿ ಜ್ವರ ಮಂದವಾಗಿರುತ್ತದೆ, ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನ್ ತಡವಾಗಿ ಏರುತ್ತದೆ, ಏಕೆಂದರೆ ಅವೆರಡನ್ನೂ ಏರಿಸುವ ಸೈಟೊಕೈನುಗಳು ಈ ಹಾದಿಯ ಫಲ. ಆದ್ದರಿಂದ ಕೊರತೆ ಗೊತ್ತಿರುವ ಮಗುವಿಗೆ ಸೋಂಕಿನ ಅನುಮಾನ ಬಂದ ಕೂಡಲೇ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಆಂಟಿಬಯೊಟಿಕ್ ಕೊಡುವುದೇ ಸರಿ. ಎರಡೂ ಕೊರತೆಗಳ ಅರವತ್ತು ರೋಗಿಗಳನ್ನು ಒಟ್ಟಿಗೆ ಪರಿಶೀಲಿಸಿದ 2010ರ ಅಧ್ಯಯನದಲ್ಲಿ ಸಾವುಗಳೆಲ್ಲ ಎಂಟು ವರ್ಷದ ಒಳಗೇ ಆಗಿದ್ದವು, ಹದಿನಾಲ್ಕು ದಾಟಿದವರಲ್ಲಿ ಆಕ್ರಮಣಕಾರಿ ಬ್ಯಾಕ್ಟೀರಿಯಾ ಸೋಂಕು ಕಂಡಿರಲಿಲ್ಲ. ಅಷ್ಟು ಹೊತ್ತಿಗೆ ಅರ್ಜಿತ ರೋಗರಕ್ಷಣೆ ಬಲಿತು ಕೊರತೆಯನ್ನು ಮುಚ್ಚುತ್ತದೆ ಎಂಬುದು ಒಪ್ಪಿತವಾದ ವಿವರಣೆ. ಇಲಿಯ ಪ್ರಯೋಗಗಳನ್ನು ಸುಳ್ಳೆನ್ನುವಂತಿಲ್ಲ. ಆದರೆ ಆಯ್ದ ಪ್ರಮಾಣದ ರೋಗಾಣುವನ್ನು ಚುಚ್ಚಿ ಕೊಡುವ ಸೋಂಕಿಗೂ ಬೀದಿಯಲ್ಲಿ ಆಡುವ ಮಗುವಿಗೆ ತಗಲುವ ಸೋಂಕಿಗೂ ಅಂತರವಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ರೋಗರಕ್ಷಣಾ ವಿಜ್ಞಾನದಲ್ಲಿ ಹೆಚ್ಚಿಲ್ಲ.

ಕೊರತೆಗೆ ವಿರುದ್ಧವಾದದ್ದು ಬಿ ಕೋಶಗಳೆಂಬ ಬಿಳಿರಕ್ತಕೋಶಗಳ ಕ್ಯಾನ್ಸರುಗಳಲ್ಲಿ ಕಾಣುತ್ತದೆ. 2011ರಲ್ಲಿ ಲೂಯಿಸ್ ಸ್ಟಾಟ್ ಅವರ ತಂಡ ದೊಡ್ಡ ಬಿ ಕೋಶಗಳ ಲಿಂಫೋಮಾದ ಒಂದು ಉಪಬಗೆಯ ಗಡ್ಡೆಗಳಲ್ಲಿ ಶೇಕಡ 29ರಷ್ಟರಲ್ಲಿ ಮೈಡಿ-88ರ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದನ್ನು, ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದಿರುವುದನ್ನು ಕಂಡಿತು. ಮರುವರ್ಷ ಸ್ಟೀವನ್ ಟ್ರಿಯಾನ್ ಮತ್ತು ಸಂಗಡಿಗರು, ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರಾಮ್ 1944ರಲ್ಲಿ ವಿವರಿಸಿದ ಮ್ಯಾಕ್ರೊಗ್ಲೋಬ್ಯುಲಿನೀಮಿಯಾ ಎಂಬ ನಿಧಾನಗತಿಯ ರೋಗದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ರೋಗಿಗಳು ಇದೇ ಬದಲಾವಣೆಯನ್ನು ಹೊಂದಿದ್ದಾರೆ ಎಂದು ವರದಿಮಾಡಿದರು. ರೋಗನಿರ್ಣಯದ ವರದಿಗಳಲ್ಲಿ ಇದನ್ನು 265ನೆಯ ಸ್ಥಾನದ ಬದಲಾವಣೆ ಎಂದು ಬರೆಯುವ ರೂಢಿಯಿದೆ. 296 ಅಮೈನೋ ಆಮ್ಲಗಳ ರೂಪವನ್ನು ಆಧಾರವಾಗಿಟ್ಟು ಎಣಿಸಿದರೆ ಅದು 252ನೆಯದು, ಎರಡೂ ಒಂದೇ ದೋಷ. ಟಿಐಆರ್ ವಲಯದಲ್ಲಿರುವ ಈ ಬದಲಾವಣೆಯಿಂದ ಪ್ರೋಟೀನು ಗ್ರಾಹಕದ ಕರೆಗೆ ಕಾಯದೆ ಗುಂಪುಕಟ್ಟಿ, ಐರಾಕ್‌ಗಳನ್ನೂ ಬಿಟಿಕೆ ಎಂಬ ಕಿಣ್ವವನ್ನೂ ಸದಾ ಚುರುಕಾಗಿಡುತ್ತದೆ, ಎನ್‌ಎಫ್-ಕಪ್ಪಾ-ಬಿ ಆ ಕೋಶವನ್ನು ಸಾಯಲು ಬಿಡುವುದಿಲ್ಲ. ಬಿಟಿಕೆಯನ್ನು ತಡೆಯುವ ಇಬ್ರೂಟಿನಿಬ್ ಎಂಬ ಗುಳಿಗೆಗೆ ವಾಲ್ಡೆನ್‌ಸ್ಟ್ರಾಮ್ ರೋಗದಲ್ಲಿ ಅಮೆರಿಕದ ಔಷಧ ಆಡಳಿತ 2015ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟದ್ದರ ಹಿಂದೆ ಈ ತಿಳುವಳಿಕೆಯಿದೆ.

ಮೈಡಿ-88 ಅನ್ನೇ ನೇರವಾಗಿ ತಡೆಯುವ ಔಷಧ ಬಳಕೆಗೆ ಬಂದಿಲ್ಲ. ಕಿಣ್ವಕ್ಕೆ ಸಣ್ಣ ಅಣುವೊಂದು ಹೊಕ್ಕು ಕೂರಬಹುದಾದ ಕುಳಿಯಿರುತ್ತದೆ, ಅಡಾಪ್ಟರಿಗೆ ಇರುವುದು ಅಗಲವಾದ ಸಪಾಟು ಹಿಡಿತದ ಮೇಲ್ಮೈಗಳು. ಅವುಗಳ ನಡುವೆ ತೂರುವ ಪುಟ್ಟ ಪೆಪ್ಟೈಡುಗಳೂ 2007ರಲ್ಲಿ ವಿವರಿಸಲಾದ ಎಸ್‌ಟಿ-2825 ಎಂಬ ಸಂಯುಕ್ತವೂ ಪ್ರಯೋಗಾಲಯದ ಉಪಕರಣಗಳಾಗಿಯೇ ಉಳಿದಿವೆ. ಆದ್ದರಿಂದ ಔಷಧ ಸಂಶೋಧನೆ ಹಾದಿಯಲ್ಲಿ ಒಂದು ಹೆಜ್ಜೆ ಮುಂದೆ ಇರುವ ಐರಾಕ್-4ರತ್ತ ತಿರುಗಿದ್ದು, ಅದನ್ನು ತಡೆಯುವ ಮತ್ತು ಅದನ್ನು ಕೋಶದೊಳಗೇ ನಾಶಮಾಡಿಸುವ ಅಣುಗಳು ರೋಗಿಗಳ ಮೇಲಿನ ಪರೀಕ್ಷೆಗಳನ್ನು ತಲುಪಿವೆ. ವಯಸ್ಕರಲ್ಲಿ ಈ ಹಾದಿಯನ್ನು ಮುಚ್ಚಿದರೆ ಅಪಾಯ ಕಡಿಮೆಯಿರಬಹುದೆಂಬ ಧೈರ್ಯಕ್ಕೆ ಕೊರತೆಯ ಮಕ್ಕಳು ಬೆಳೆದು ಆರೋಗ್ಯವಾಗಿರುವುದೇ ಆಧಾರ. ಆದರೆ ಆ ಕೊರತೆಯಿರುವವರಿಗೆ ಕೋವಿಡ್ ತಗಲಿದಾಗ ಆಮ್ಲಜನಕ ಬೇಕಾಗುವಷ್ಟು ತೀವ್ರವಾದ ನ್ಯುಮೋನಿಯಾ ಉಳಿದವರಿಗಿಂತ ಬಹಳ ಹೆಚ್ಚಾಗಿ ಬಂದದ್ದನ್ನೂ, ಏಳನೆಯ ಟೋಲ್ ಗ್ರಾಹಕದ ಕೆಳಗೆ ಬರಬೇಕಿದ್ದ ಇಂಟರ್‌ಫೆರಾನ್ ಬಾರದೇ ಹೋದದ್ದು ಅದಕ್ಕೆ ಕಾರಣವಾದದ್ದನ್ನೂ 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.